ಮಿಡ್‌ಸೈಜ್ ಎಸ್‌ಯುವಿ ನೋಡಲು ಹೊರಟಿದ್ದೀರಾ? ಹಿಂದಿನ ಸೀಟಿನಿಂದ ಶುರು ಮಾಡಿ

ಕ್ರೆಟಾ, ಸೆಲ್ಟೋಸ್, ಎಲಿವೇಟ್, ಗ್ರ್ಯಾಂಡ್ ವಿಟಾರಾ, ಹೈರೈಡರ್, ಕುಶಾಕ್, ಟೈಗುನ್. ಹದಿನೈದು ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಎಸ್‌ಯುವಿ ಹುಡುಕುವವರ ಬಾಯಲ್ಲಿ ಬರುವ ಹೆಸರುಗಳು ಹೆಚ್ಚುಕಡಿಮೆ ಇಷ್ಟೇ. 2025ರಲ್ಲಿ ವಿಕ್ಟೋರಿಸ್, ಸಿಯೆರಾ ಕೂಡ ಈ ಸಾಲಿಗೆ ಸೇರಿಕೊಂಡವು. ಕಾಗದದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಉದ್ದ ನಾಲ್ಕು ಮೀಟರ್ ದಾಟಿರುತ್ತದೆ, ನಾಲ್ಕೂವರೆ ಮುಟ್ಟುವುದಿಲ್ಲ. ಐದು ಸೀಟು, ಆರು ಏರ್‌ಬ್ಯಾಗು, ಮುಂದೆ ದೊಡ್ಡ ಪರದೆ, ಬಹುತೇಕ ಒಂದೂವರೆ ಲೀಟರ್ ಎಂಜಿನ್.

ಈ ಒಂದೂವರೆ ಲೀಟರಿನ ಹಿಂದೆ ತೆರಿಗೆಯ ಲೆಕ್ಕ ಇದೆ. ಜಿಎಸ್‌ಟಿಯ ಹಳೇ ವ್ಯವಸ್ಥೆಯಲ್ಲಿ 1500 ಸಿಸಿ ದಾಟಿದ ಎಂಜಿನ್, ನಾಲ್ಕು ಮೀಟರ್ ದಾಟಿದ ಉದ್ದ, 170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಅಡಿಗೂ ನಡುವಿನ ಎತ್ತರ) ಮೂರೂ ಸೇರಿದರೆ ಸೆಸ್ ಜಾಸ್ತಿ ಬೀಳುತ್ತಿತ್ತು. ಅದಕ್ಕೇ ಕಂಪನಿಗಳು 1482, 1497, 1498 ಸಿಸಿ ಅಂತ ಗೆರೆಯ ಒಳಗೇ ನಿಂತವು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಈ ಗಾಡಿಗಳಿಗೆಲ್ಲ ನೇರವಾಗಿ 40% ಜಿಎಸ್‌ಟಿ ಆಯಿತು, ಆದರೆ ಎಂಜಿನ್‌ಗಳು ಅವೇ ಉಳಿದಿವೆ.

ಹಾಗಾಗಿ ಬ್ರೋಷರ್ ಎಷ್ಟೇ ತಿರುವಿ ಹಾಕಿದರೂ ತೀರ್ಮಾನ ಆಗುವುದಿಲ್ಲ. ಸೇಲ್ಸ್ ಹುಡುಗ ಪಕ್ಕದಲ್ಲಿ ಕೂತು, ಶೋರೂಮಿನ ಸುತ್ತ ನುಣುಪಾದ ರಸ್ತೆಯಲ್ಲಿ ಒಂದು ರೌಂಡು ಹೊಡೆಸುವ ಟೆಸ್ಟ್ ಡ್ರೈವ್‌ನಿಂದಲೂ ಆಗುವುದಿಲ್ಲ. ನೀವು ದಿನಾ ಓಡಾಡುವ ರಸ್ತೆ, ನಿಮ್ಮ ಮನೆಯ ಜನ, ನಿಮ್ಮ ಸಾಮಾನು, ಈ ಮೂರನ್ನೂ ಆ ಗಾಡಿಗೆ ತೋರಿಸಬೇಕು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮೊದಲು

ನೀವು ಕೊಳ್ಳುವ ಎಂಜಿನ್ ಮತ್ತು ಗೇರ್‌ಬಾಕ್ಸ್ ಇರುವ ಗಾಡಿಯನ್ನೇ ಕೇಳಿ. ಇದು ಸಣ್ಣ ವಿಷಯ ಅಲ್ಲ. ಶೋರೂಮಿನಲ್ಲಿ ಟರ್ಬೊ (ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸಿದ ಎಂಜಿನ್) ಟಾಪ್ ಮಾಡೆಲ್ ನಿಂತಿರುತ್ತದೆ, ಅದನ್ನು ಓಡಿಸಿ ಖುಷಿಯಾಗುತ್ತದೆ, ಆಮೇಲೆ ಬಜೆಟ್ ನೋಡಿ ಮಾಮೂಲಿ ಪೆಟ್ರೋಲ್ ಬುಕ್ ಮಾಡುತ್ತಾರೆ. ಅವೆರಡೂ ಬೇರೆ ಬೇರೆ ಗಾಡಿಗಳೇ. ಕ್ರೆಟಾದ ಟರ್ಬೊ ಪೆಟ್ರೋಲ್‌ಗೆ 160 ಪಿಎಸ್ ಪವರ್, ಟರ್ಬೊ ಇಲ್ಲದ ಪೆಟ್ರೋಲ್‌ಗೆ 115. ಚಕ್ರದ ಅಳತೆಯನ್ನೂ ಕೇಳಿ. ಕೆಳಗಿನ ಮಾಡೆಲ್‌ಗೆ 16 ಇಂಚು, ಮೇಲಿನದಕ್ಕೆ 17 ಇಂಚು ಅಂತಿದ್ದರೆ ಗುಂಡಿಯಲ್ಲಿ ಇಳಿದಾಗ ಆಗುವ ಅನುಭವವೂ ಬದಲಾಗುತ್ತದೆ.

ಗಾಡಿ ಹತ್ತುವ ಮುಂಚೆ ಟಯರಿನ ಗಾಳಿ ನೋಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕರ್ ಇರುತ್ತದೆ, ಎಷ್ಟು ಗಾಳಿ ಇರಬೇಕು ಅಂತ ಅದರಲ್ಲೇ ಬರೆದಿರುತ್ತದೆ. ಟೆಸ್ಟ್ ಡ್ರೈವ್ ಗಾಡಿಗಳಿಗೆ ಎಷ್ಟೋ ಸಲ ಗಾಳಿ ಬಿಗಿಯಾಗಿ ತುಂಬಿರುತ್ತಾರೆ. ಆಮೇಲೆ ನಾವು ಸಸ್ಪೆನ್ಷನ್ ಗಟ್ಟಿ, ಕುಲುಕಾಟ ಜಾಸ್ತಿ ಅಂತ ಗಾಡಿಯನ್ನು ಬೈಯುತ್ತೇವೆ. ಡ್ಯಾಶ್‌ಬೋರ್ಡಿನಲ್ಲೇ ಗಾಳಿಯ ಅಳತೆ ತೋರಿಸುವ ಮಾಡೆಲ್ ಆದರೆ ಕೆಲಸ ಇನ್ನೂ ಸುಲಭ.

ವಾರದ ನಡುವೆ, ಬೆಳಿಗ್ಗೆ ಶೋರೂಮ್ ತೆರೆಯುವ ಹೊತ್ತಿಗೆ ಹೋಗಿ. ಭಾನುವಾರ ಹೋದರೆ ನಿಮ್ಮ ಹಿಂದೆ ಇನ್ನೂ ನಾಲ್ಕು ಕುಟುಂಬ ಕಾಯುತ್ತಿರುತ್ತವೆ, ಹತ್ತೇ ನಿಮಿಷಕ್ಕೆ ಮುಗಿಸುತ್ತಾರೆ. ಮನೆಗೇ ಗಾಡಿ ತನ್ನಿ ಅಂತ ಕೇಳಿ ನೋಡಿ, ಬಹಳ ಕಡೆ ತರುತ್ತಾರೆ. ಅದು ಎಲ್ಲಕ್ಕಿಂತ ಒಳ್ಳೆಯದು.

ಮೊದಲು ಹಿಂದೆ ಕೂರಿ

ಎಲ್ಲರೂ ನೇರವಾಗಿ ಡ್ರೈವರ್ ಸೀಟಿಗೆ ನುಗ್ಗುತ್ತಾರೆ. ಬೇಡ. ಮೊದಲ ಹತ್ತು ನಿಮಿಷ ನೀವು ಹಿಂದೆ ಕೂರಿ, ಬೇರೆಯವರು ಓಡಿಸಲಿ. ಈ ಗಾಡಿ ಕೊಳ್ಳುತ್ತಿರುವುದೇ ಮನೆಯವರಿಗಾಗಿ ಅಲ್ವಾ?

ಅದಕ್ಕೂ ಮುಂಚೆ ಮನೆಯ ಹಿರಿಯರನ್ನು ಹತ್ತಿಸಿ, ಸುಮ್ನೆ ಪಕ್ಕದಲ್ಲಿ ನಿಂತು ನೋಡಿ. ಅಮ್ಮ ಸೀರೆ ಎತ್ತಿ ಹಿಡಿದು ಒಂದು ಕಾಲು ಒಳಗಿಡುತ್ತಾರೆ, ಕೈ ತಾನಾಗಿಯೇ ಹಿಡಿಯಲು ಏನನ್ನಾದರೂ ಹುಡುಕುತ್ತದೆ. ಬಾಗಿಲ ಮೇಲಿನ ಹಿಡಿ ಕೈಗೆಟುಕುತ್ತದೋ, ಮುಂದಿನ ಸೀಟಿನ ಬೆನ್ನನ್ನೇ ಹಿಡಿದು ಜಗ್ಗಿಕೊಳ್ಳಬೇಕೋ? ತಲೆ ಬಗ್ಗಿಸಬೇಕಾ? ಇಳಿಯುವಾಗ ಕಾಲು ನೇರ ನೆಲಕ್ಕೆ ಸಿಗುತ್ತದೋ, ಸ್ವಲ್ಪ ಜಾರಿ ಇಳಿಯಬೇಕೋ? ಸೀಟು ಸೊಂಟದ ಎತ್ತರಕ್ಕೆ ಇದ್ದರೆ ಮಂಡಿ ನೋವಿನವರಿಗೆ ದೊಡ್ಡ ಉಪಕಾರ. ಕಾರಿನ ಹಾಗೆ ಕುಸಿದು ಕೂರುವುದೂ ಇಲ್ಲ, ಜೀಪಿನ ಹಾಗೆ ಹತ್ತುವುದೂ ಇಲ್ಲ. ಮಿಡ್‌ಸೈಜ್ ಎಸ್‌ಯುವಿ ಇಷ್ಟು ಮಾರಾಟವಾಗುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ, ಜನ ಹೇಳುವುದಿಲ್ಲ ಅಷ್ಟೇ.

ಇನ್ನೊಂದು ಸಂಗತಿ ನೋಡಿ. ಕೆಲವು ಗಾಡಿಗಳಲ್ಲಿ ಬಾಗಿಲು ಕೆಳಗಿನ ಪಟ್ಟಿಯನ್ನೂ ಮುಚ್ಚುವ ಹಾಗೆ ಇಳಿದಿರುತ್ತದೆ, ಕೆಲವದರಲ್ಲಿ ಪಟ್ಟಿ ಹೊರಗೇ ಉಳಿದಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆ ಪಟ್ಟಿಗೆ ಕೆಂಪು ಕೆಸರು ಮೆತ್ತಿರುತ್ತದೆ, ಇಳಿಯುವಾಗ ಪ್ಯಾಂಟಿನ ಹಿಂಬದಿಗೋ ಸೀರೆಯ ಅಂಚಿಗೋ ಒರೆಸಿಕೊಳ್ಳುತ್ತದೆ. ಯಾವ ಬ್ರೋಷರ್‌ನಲ್ಲೂ ಇದು ಸಿಗುವುದಿಲ್ಲ. ಬಾಗಿಲು ತೆಗೆದು ಬಗ್ಗಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಈಗ ಕೂರಿ. ಮುಂದಿನ ಸೀಟನ್ನು ನಿಮ್ಮ ಎತ್ತರಕ್ಕೆ ಹೊಂದಿಸಿ, ಅದರ ಹಿಂದೆಯೇ ಕೂತು ಮಂಡಿಗೆ ಎಷ್ಟು ಜಾಗ ಉಳಿಯಿತು ನೋಡಿ. ಮಂಡಿಗೆ ಜಾಗ ಎಲ್ಲ ಗಾಡಿಯಲ್ಲೂ ಇರುತ್ತದೆ, ತೊಡೆಗೆ ಆಸರೆ ಇರುವುದಿಲ್ಲ. ಸೀಟಿನ ಕೆಳಭಾಗ ಗಿಡ್ಡವಾಗಿದ್ದರೆ ಮಂಡಿ ಮೇಲೆದ್ದು ತೊಡೆ ಗಾಳಿಯಲ್ಲಿ ನಿಲ್ಲುತ್ತದೆ. ಐದು ನಿಮಿಷ ಗೊತ್ತಾಗುವುದಿಲ್ಲ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವಾಗ ಹಾಸನದ ಹೊತ್ತಿಗೆ ಸೊಂಟ ಹೇಳುತ್ತದೆ. ಪನೋರಮಿಕ್ ಸನ್‌ರೂಫ್ ಇರುವ ಮಾಡೆಲ್‌ಗಳಲ್ಲಿ ತಲೆಯ ಮೇಲಿನ ಜಾಗ ಸ್ವಲ್ಪ ಕಡಿಮೆಯಾಗುತ್ತದೆ. ಆರಡಿಯ ಮಗ ಇದ್ದರೆ ಅವನನ್ನೂ ಕರೆದುಕೊಂಡು ಹೋಗಿ. ಸನ್‌ರೂಫ್ ಬಗ್ಗೆ ನನಗೆ ಅಂಥ ಪ್ರೀತಿ ಇಲ್ಲ, ನಮ್ಮ ಏಪ್ರಿಲ್ ಬಿಸಿಲಿಗೆ ಪರದೆ ಎಳೆದೇ ಓಡಿಸಬೇಕು. ಮಕ್ಕಳು ಬಿಡಬೇಕಲ್ಲ.

ನಡುವಿನ ಸೀಟಿನಲ್ಲೂ ಒಬ್ಬರನ್ನು ಕೂರಿಸಿ. ಅಲ್ಲಿ ಸೀಟು ಉಬ್ಬಿರುತ್ತದೆ, ಕೆಳಗೆ ದಿಂಡು ಅಡ್ಡ ಬರುತ್ತದೆ, ಹಿಂದಿನ ಎಸಿ ಕಿಂಡಿ ಮಂಡಿಗೆ ತಾಗುತ್ತದೆ. ಮೂವರು ದೊಡ್ಡವರು ಭುಜಕ್ಕೆ ಭುಜ ಕೂತಾಗ ಗೊತ್ತಾಗುತ್ತದೆ ಐದು ಸೀಟು ಅನ್ನುವುದು ನಿಜವೋ ಲೆಕ್ಕಕ್ಕೋ ಅಂತ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯಲ್ಲಿ ಎಸಿ ಹಾಕಿ, ಹಿಂದಿನವರಿಗೆ ತಂಪು ತಲುಪಲು ಎಷ್ಟು ಹೊತ್ತು ಬೇಕು ಅಂತಲೂ ನೋಡಿ.

ಡಿಕ್ಕಿಯ ಲೀಟರ್ ಲೆಕ್ಕ ನಂಬಬೇಡಿ. ನಿಮ್ಮ ದೊಡ್ಡ ಸೂಟ್‌ಕೇಸ್ ತೆಗೆದುಕೊಂಡು ಹೋಗಿ ಇಟ್ಟು ನೋಡಿ. ನಾಚಿಕೆ ಪಡುವ ಅಗತ್ಯ ಇಲ್ಲ. ಎಲಿವೇಟ್‌ನಲ್ಲಿ 458 ಲೀಟರ್, ಕ್ರೆಟಾದಲ್ಲಿ 433 ಅಂತ ಬರೆದಿದೆ, ಎರಡೂ ಧಾರಾಳ. ಆದರೆ ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ (ಪೆಟ್ರೋಲ್ ಜತೆ ಬ್ಯಾಟರಿಯಿಂದಲೂ ಓಡುವ ಮಾಡೆಲ್) ಬ್ಯಾಟರಿ ಹಿಂದೆ ಕೂತಿರುವುದರಿಂದ ಡಿಕ್ಕಿ ಕಿರಿದಾಗುತ್ತದೆ. ಸಿಎನ್‌ಜಿ ಸಿಲಿಂಡರ್ ಡಿಕ್ಕಿಯಲ್ಲಿದ್ದರೆ ಊರಿಗೆ ಹೋಗುವಾಗ ತೆಂಗಿನಕಾಯಿ ಚೀಲ ಇಡಲು ಜಾಗವೇ ಇರುವುದಿಲ್ಲ. ವಿಕ್ಟೋರಿಸ್‌ನಲ್ಲಿ ಸಿಎನ್‌ಜಿ ಟ್ಯಾಂಕನ್ನು ಗಾಡಿಯ ಅಡಿಗೆ ಹಾಕಿದ್ದಾರೆ, ಅದು ಬುದ್ಧಿವಂತಿಕೆ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯನ್ನೂ ನೋಡಿ, ಬೇರೆ ಚಕ್ರಗಳಷ್ಟೇ ಅಳತೆಯದಾ, ಸಣ್ಣದಾ ಅಂತ.

ಪಿಕಪ್ ನೋಡುವುದು ಹೇಗೆ

ನೂರು ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು ಅನ್ನುವುದು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಬೇಕಾದದ್ದು ಎರಡು. ಮೂರನೇ ಗೇರಿನಲ್ಲಿ ಲಾರಿಯ ಹಿಂದೆ 40ರಲ್ಲಿ ಹೋಗುತ್ತಿದ್ದೀರಿ, ಎದುರಿಗೆ ಜಾಗ ಸಿಕ್ಕಿತು, 80 ಮುಟ್ಟಲು ಎಷ್ಟು ಹೊತ್ತು? ಮತ್ತೆ, ಐದು ಜನ ಕೂತು ಲಗೇಜ್ ತುಂಬಿ ಎಸಿ ಹಾಕಿಕೊಂಡು ದಿಬ್ಬ ಹತ್ತುವಾಗ ಗಾಡಿ ಉಸಿರು ಬಿಡುತ್ತದಾ?

ಇಲ್ಲಿ ಪವರ್‌ಗಿಂತ ಟಾರ್ಕ್, ಅಂದರೆ ಎಂಜಿನ್ನಿನ ಎಳೆತ, ಮುಖ್ಯ, ಅದರಲ್ಲೂ ಆ ಟಾರ್ಕ್ ಯಾವ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಗುತ್ತದೆ ಅನ್ನುವುದು. ಎಲಿವೇಟ್‌ನ ಟರ್ಬೊ ಇಲ್ಲದ ಎಂಜಿನ್ 121 ಪಿಎಸ್ ಕೊಡುತ್ತದೆ, ಆದರೆ 145 ಎನ್‌ಎಂ ಟಾರ್ಕ್ ಪೂರ್ತಿ ಸಿಗುವುದು 4300 ಆರ್‌ಪಿಎಂನಲ್ಲಿ. ಕ್ರೆಟಾ ಡೀಸೆಲ್ 116 ಪಿಎಸ್, ಅಂದರೆ ಅದಕ್ಕಿಂತ ಕಡಿಮೆ, ಆದರೆ 250 ಎನ್‌ಎಂ ಟಾರ್ಕ್ 1500ರಿಂದಲೇ ಶುರು. ಶಿರಾಡಿ ಘಾಟಿಯಲ್ಲಿ ತುಂಬಿದ ಗಾಡಿ ಹತ್ತಿಸುವಾಗ ಎಲಿವೇಟನ್ನು ಎರಡನೇ ಗೇರಿಗೆ ಇಳಿಸಿ ಎಂಜಿನ್ ಕೂಗುವವರೆಗೂ ಒತ್ತಬೇಕು, ಕ್ರೆಟಾ ಡೀಸೆಲ್ ಮೂರನೇ ಗೇರಿನಲ್ಲೇ ಎಳೆದುಕೊಂಡು ಹೋಗುತ್ತದೆ. ಹಾಗಂತ ಎಲಿವೇಟ್ ಕೆಟ್ಟದ್ದು ಅಂತಲ್ಲ. ಅಂಥ ಎಂಜಿನ್ ಊರೊಳಗೆ ಬೆಣ್ಣೆಯ ಹಾಗೆ ಓಡುತ್ತದೆ, ಟರ್ಬೊ ತಲೆನೋವು ಇಲ್ಲ. ನಿಮ್ಮ ಓಡಾಟ ಜಯನಗರದಿಂದ ಮಲ್ಲೇಶ್ವರಕ್ಕೆ ಆಗಿದ್ದರೆ ಅದೇ ಸಾಕು.

ಟರ್ಬೊ ಪೆಟ್ರೋಲ್ ಓಡಿಸುವಾಗ ಒಂದು ಪರೀಕ್ಷೆ ಮಾಡಿ. ಹಂಪ್ ದಾಟಿ ಎರಡನೇ ಗೇರಿನಲ್ಲಿ ನಿಧಾನವಾಗಿ ಇರುವಾಗ ಆಕ್ಸಿಲರೇಟರ್ ಒತ್ತಿ. ಕೆಲವು ಎಂಜಿನ್ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಟ್ರಾಫಿಕ್‌ನಲ್ಲಿ ಇದು ದಿನಾ ಕಾಡುವ ವಿಷಯ.

ಆಟೋಮ್ಯಾಟಿಕ್ ಆದರೆ ಯಾವ ಜಾತಿಯ ಆಟೋಮ್ಯಾಟಿಕ್ ಅಂತ ಕೇಳಲೇಬೇಕು. ಕ್ರೆಟಾ ಟರ್ಬೊ, ಕುಶಾಕ್ ಮತ್ತು ಟೈಗುನ್‌ನ ಒಂದೂವರೆ ಲೀಟರ್ ಟರ್ಬೊಗಳಲ್ಲಿ ಎರಡು ಕ್ಲಚ್ ಇರುವ ಗೇರ್‌ಬಾಕ್ಸ್ ಇದೆ. ಗೇರು ಬೀಳುವುದು ಗೊತ್ತೇ ಆಗುವುದಿಲ್ಲ, ಅಷ್ಟು ಚುರುಕು. ಆದರೆ ಸಿಲ್ಕ್ ಬೋರ್ಡ್ ಥರದ ಕಡೆ ಇಂಚಿಂಚು ತೆವಳುವಾಗ ಸಣ್ಣಗೆ ಜಗ್ಗುತ್ತದೆ, ಕ್ಲಚ್ ಬಿಸಿಯಾಗುತ್ತದೆ. ಕ್ರೆಟಾ ಡೀಸೆಲ್‌ನಲ್ಲಿರುವ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್) ಇದಕ್ಕಿಂತ ನಿಧಾನ, ಆದರೆ ತೆವಳುವುದಕ್ಕೆ ಆರಾಮ. ಎಲಿವೇಟ್‌ನ ಸಿವಿಟಿ (ಮೆಟ್ಟಿಲು ಮೆಟ್ಟಿಲಾದ ಗೇರು ಇಲ್ಲದ ಆಟೋಮ್ಯಾಟಿಕ್) ಊರೊಳಗೆ ತುಂಬಾ ನಯ, ಹೈವೇಯಲ್ಲಿ ಪೂರ್ತಿ ಒತ್ತಿದರೆ ಮೊದಲು ಶಬ್ದ ಬರುತ್ತದೆ, ಆಮೇಲೆ ವೇಗ. ಇದನ್ನು ತಿಳಿಯಲು ನಿಜವಾದ ಟ್ರಾಫಿಕ್ಕಿಗೇ ಹೋಗಬೇಕು. ಸೇಲ್ಸ್ ಹುಡುಗ ಖಾಲಿ ರಸ್ತೆಗೆ ಕರೆದರೆ ನೀವು ಸಿಗ್ನಲ್ ಕಡೆಗೆ ತಿರುಗಿಸಿ.

ಸಿಗ್ನಲ್‌ನಲ್ಲಿ ನಿಂತಾಗ ಎಸಿ ಹಾಕಿ ಸ್ಟೇರಿಂಗ್ ಮೇಲೆ ಬೆರಳು ಸಡಿಲವಾಗಿ ಇಟ್ಟು ನೋಡಿ. ಮೂರು ಸಿಲಿಂಡರ್ ಎಂಜಿನ್ ಆದರೆ ನಡುಕ ಬೆರಳಿಗೆ ಸಿಗುತ್ತದೆ. ಕೆಲವರಿಗೆ ಲೆಕ್ಕಕ್ಕೇ ಬರುವುದಿಲ್ಲ, ಕೆಲವರಿಗೆ ಒಂದು ವಾರಕ್ಕೇ ಸಾಕಾಗುತ್ತದೆ.

ಡೀಸೆಲ್ ಬಗ್ಗೆ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಆಗಾಗ ಹೈವೇಯಲ್ಲಿ ಒಂದೇ ಸಮನೆ ಓಡಬೇಕು. ದಿನಾ ನಾಲ್ಕೈದು ಕಿ.ಮೀ. ಆಫೀಸು, ತಿಂಗಳಿಗೊಮ್ಮೆಯೂ ಊರು ಬಿಡುವುದಿಲ್ಲ ಅನ್ನುವವರು ಡೀಸೆಲ್ ತೆಗೆದುಕೊಂಡರೆ ಫಿಲ್ಟರ್ ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ವಾರಾವಾರ ಹುಬ್ಬಳ್ಳಿಯೋ ಶಿವಮೊಗ್ಗವೋ ಅಂತ ಓಡಾಡುವವರಿಗೆ ಮಾತ್ರ ಡೀಸೆಲ್ ಇವತ್ತಿಗೂ ಬಂಗಾರ.

ಹಂಪ್, ಗುಂಡಿ, ತಿರುವು

ಸಸ್ಪೆನ್ಷನ್ ನೋಡಲು ಎರಡು ವೇಗ ಬೇಕು. ಕಿತ್ತುಹೋದ ರಸ್ತೆಯಲ್ಲಿ 20ರಲ್ಲಿ ಹೋಗಿ, ಆಮೇಲೆ ಹೈವೇಯಲ್ಲಿ 80, 90ಕ್ಕೆ ಹೋಗಿ. ಮೆತ್ತಗಿರುವ ಗಾಡಿ ಮೊದಲನೆಯದರಲ್ಲಿ ಗೆಲ್ಲುತ್ತದೆ, ಎರಡನೆಯದರಲ್ಲಿ ತೂಗಾಡುತ್ತದೆ. ಕುಶಾಕ್, ಟೈಗುನ್ ಇದಕ್ಕೆ ಉಲ್ಟಾ. ನಿಧಾನದಲ್ಲಿ ಗುಂಡಿಯ ಅಂಚು ಸೊಂಟಕ್ಕೆ ತಿಳಿಯುತ್ತದೆ, ವೇಗ ಹೆಚ್ಚಿದಂತೆ ರಸ್ತೆಗೆ ಅಂಟಿಕೊಂಡು ಹೋಗುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ಒಂದು ಆರಿಸಿಕೊಳ್ಳಬೇಕು. ನನಗೆ ಕೇಳಿದರೆ ವೇಗದಲ್ಲಿ ನೆಟ್ಟಗಿರುವ ಗಾಡಿಯೇ ವಾಸಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರ ಉತ್ತರ ಬೇರೆ ಇರುತ್ತದೆ, ಅದೂ ಸರಿಯೇ.

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಒಳ್ಳೆಯ ಜಾಗ. ಸುಮಾರು 10 ಕಿ.ಮೀ. ಉದ್ದಕ್ಕೂ ಜೋಡಣೆಗಳು ಬರುತ್ತವೆ. ಪ್ರತಿ ಜೋಡಣೆಗೂ ಟಕ್ ಅನ್ನುವ ಸದ್ದು ಒಳಗೆ ಎಷ್ಟು ಬರುತ್ತದೆ, ಹಿಂದಿನ ಸೀಟಿಗೆ ಎಷ್ಟು ಏಟು ಬೀಳುತ್ತದೆ ಕೇಳಿಸಿಕೊಳ್ಳಿ. ಮ್ಯೂಸಿಕ್ ಆಫ್ ಮಾಡಿ, ಎಸಿಯನ್ನೂ ಒಂದಕ್ಕೆ ಇಳಿಸಿ. ಮೈಸೂರು ಹೈವೇಗೆ ಹೋಗುವ ಅವಕಾಶ ಸಿಕ್ಕರೆ 100ರ ಮಿತಿಯೊಳಗೆ ಒಂದೇ ವೇಗದಲ್ಲಿ ಹಿಡಿದು ಗಾಳಿ ಸದ್ದು, ಟಯರ್ ಸದ್ದು ಕೇಳಿ. ಹಿಂದೆ ಕೂತವರ ಜತೆ ಮಾಮೂಲಿ ದನಿಯಲ್ಲಿ ಮಾತಾಡಲು ಆಗಬೇಕು.

ಗ್ರೌಂಡ್ ಕ್ಲಿಯರೆನ್ಸ್ ಅಂಕಿ ಕ್ರೆಟಾಗೆ 190 ಮಿ.ಮೀ., ಎಲಿವೇಟ್‌ಗೆ 220. ಇದು ಖಾಲಿ ಗಾಡಿಯ ಅಳತೆ. ಐದು ಜನ ಕೂತಾಗ ಗಾಡಿ ಕುಸಿಯುತ್ತದೆ, ಯಾವುದು ಎಷ್ಟು ಕುಸಿಯುತ್ತದೆ ಅನ್ನುವುದು ಸ್ಪ್ರಿಂಗಿನ ಮೇಲೆ ನಿಂತಿದೆ. ಹಾಗಾಗಿ ನಿಮ್ಮ ಬೀದಿಯ ಅತಿ ಕೆಟ್ಟ ಹಂಪ್ ಮೇಲೆ, ಎಲ್ಲರನ್ನೂ ಕೂರಿಸಿಕೊಂಡು, ನಿಧಾನವಾಗಿ ದಾಟಿಸಿ. ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಬೇಸ್‌ಮೆಂಟ್ ಇಳಿಜಾರಿಗೂ ತೆಗೆದುಕೊಂಡು ಹೋಗಿ. ಮೂತಿ ತಾಗುತ್ತದಾ, ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುತ್ತದಾ, ನಿಮ್ಮ ಜಾಗದಲ್ಲಿ ನಿಲ್ಲಿಸಿ ಬಾಗಿಲು ತೆಗೆದು ಇಳಿಯಲು ಆಗುತ್ತದಾ. ಗಾಡಿ ಬಂದ ಮೇಲೆ ಇದು ಗೊತ್ತಾದರೆ ಏನೂ ಮಾಡಲಾಗುವುದಿಲ್ಲ.

ಎಸ್‌ಯುವಿ ಅಂತ ಹೆಸರಿದ್ದ ಮಾತ್ರಕ್ಕೆ ಕೆಸರಲ್ಲಿ ಹತ್ತುತ್ತದೆ ಅಂದುಕೊಳ್ಳಬೇಡಿ. ಈ ಗಾತ್ರದ ಬಹುತೇಕ ಗಾಡಿಗಳಲ್ಲಿ ಎಂಜಿನ್ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಗ್ರ್ಯಾಂಡ್ ವಿಟಾರಾ, ಹೈರೈಡರ್ ಥರದ ಕೆಲವೇ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾಡೆಲ್ ಸಿಗುತ್ತದೆ. ಮೂಡಿಗೆರೆ ಕಡೆ ತೋಟದ ಮಣ್ಣು ದಾರಿ ಜುಲೈನಲ್ಲಿ ಹತ್ತಿಸಬೇಕಾದವರು ಅದನ್ನೇ ಕೇಳಿ, ಇಲ್ಲದಿದ್ದರೆ ದೊಡ್ಡ ಎಸ್‌ಯುವಿಗಳ ಕಡೆಗೆ ಹೋಗಿ.

ಅಂದ ಚಂದ

ಚಂದ ನಿಮ್ಮಿಷ್ಟ, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಆದರೆ ಡಿಸೈನ್ ಅಂದರೆ ಬರೀ ಗ್ರಿಲ್ ಅಲ್ಲ. ಡ್ರೈವರ್ ಸೀಟಿನಲ್ಲಿ ಕೂತು ನಾಲ್ಕೂ ಕಡೆ ನೋಡಿ. ಮುಂದಿನ ಗಾಜಿನ ಪಕ್ಕದ ಕಂಬ ದಪ್ಪವಾಗಿದ್ದರೆ ಆಗುಂಬೆಯ ತಿರುವಿನಲ್ಲಿ ಎದುರು ಬರುವ ಬೈಕ್ ಪೂರ್ತಿ ಅದರ ಹಿಂದೆ ಅಡಗುತ್ತದೆ. ಹಿಂದಿನ ಕಿಟಕಿ ಮೇಲಕ್ಕೆ ಓಡಿ ಚೂಪಾಗಿದ್ದರೆ ಹೊರಗಿನಿಂದ ಸ್ಟೈಲ್, ಒಳಗೆ ಕೂತ ಮಗುವಿಗೆ ಹೊರಗೇನೂ ಕಾಣುವುದಿಲ್ಲ. ವಾಂತಿ ಆಗುವ ಮಕ್ಕಳಿದ್ದರೆ ಇದು ದೊಡ್ಡ ವಿಷಯ.

ಹೊಳೆಯುವ ಕಪ್ಪು ಪ್ಲಾಸ್ಟಿಕ್ ಶೋರೂಮಿನ ಬೆಳಕಿನಲ್ಲಿ ಮಾತ್ರ ಚೆನ್ನ. ಒಂದು ದಿನಕ್ಕೆ ಬೆರಳಚ್ಚು, ಒಂದು ತಿಂಗಳಿಗೆ ಗೀರು. ತಿಳಿ ಬಣ್ಣದ ಸೀಟು ವಿಶಾಲವಾಗಿ ಕಾಣುತ್ತದೆ, ಕೆಂಪು ಮಣ್ಣಿನ ಊರಿನವರು ಯೋಚಿಸಿ ತೆಗೆದುಕೊಳ್ಳಿ. ಎಸಿಯ ತಂಪು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿ ಇದೆಯಾ, ಎಲ್ಲವೂ ಪರದೆಯಲ್ಲೇನಾ? ಗಾಡಿ ಓಡುತ್ತಿರುವಾಗ ರಸ್ತೆಯಿಂದ ಕಣ್ಣು ತೆಗೆಯದೆ ಎಸಿ ಬದಲಾಯಿಸಲು ಆಗುವುದಿಲ್ಲ ಅಂದರೆ ಅದು ಕೆಟ್ಟ ಡಿಸೈನ್. ಎಷ್ಟು ಇಂಚಿನ ಪರದೆ ಅನ್ನುವುದು ಆಮೇಲಿನ ಮಾತು.

ಬಾಗಿಲು ಹಾಕಿದಾಗ ದಪ್ ಅನ್ನುವ ಸದ್ದು ಬಂದರೆ ಗಟ್ಟಿ ಗಾಡಿ ಅಂತ ಒಂದು ನಂಬಿಕೆ ಇದೆ. ಬಾನೆಟ್ ತಟ್ಟಿ ನೋಡುವವರೂ ಇದ್ದಾರೆ. ಅಪಘಾತದಲ್ಲಿ ಕಾಪಾಡುವುದು ಒಳಗಿನ ಕಬ್ಬಿಣದ ಚೌಕಟ್ಟು, ಹೊರಗಿನ ತಗಡಲ್ಲ. ಅದನ್ನು ತಿಳಿಯಲು ಕ್ರ್ಯಾಶ್ ಟೆಸ್ಟ್ ಅಂಕ ನೋಡಿ. ನಮ್ಮ ದೇಶದ್ದೇ ಆದ ಕ್ರ್ಯಾಶ್ ಟೆಸ್ಟ್ ವ್ಯವಸ್ಥೆ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ದೊಡ್ಡವರ ಸುರಕ್ಷತೆಗೆ 32 ಅಂಕ, ಮಕ್ಕಳದ್ದಕ್ಕೆ 49. ಸ್ಟಾರ್ ಜತೆ ಆ ಅಂಕಗಳನ್ನೂ ಓದಿ. ಅದಕ್ಕೂ ಮುಂಚೆ, 2022ರಲ್ಲಿ ಕುಶಾಕ್ ಮತ್ತು ಟೈಗುನ್ ಗ್ಲೋಬಲ್ ಎನ್‌ಸಿಎಪಿಯ ಬಿಗಿಯಾದ ಹೊಸ ನಿಯಮದಲ್ಲಿ ಎರಡೂ ವಿಭಾಗಕ್ಕೆ ಐದು ಸ್ಟಾರ್ ಪಡೆದಿದ್ದವು.

ಅಡಾಸ್ (ಎದುರಿಗಿರುವುದನ್ನು ಗುರುತಿಸಿ ತಾನೇ ಎಚ್ಚರಿಸುವ, ಬ್ರೇಕ್ ಹಾಕುವ ವ್ಯವಸ್ಥೆ) ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಗೆರೆ ಬಳಿದ ಹೈವೇಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಊರೊಳಗೆ ಸ್ಕೂಟರ್ ಅಡ್ಡ ಬಂದಾಗಲೆಲ್ಲ ಕೂಗಿ ಗಾಬರಿ ಮಾಡುತ್ತದೆ, ಕೆಲವೊಮ್ಮೆ ತಾನೇ ಬ್ರೇಕ್ ಹಾಕಿ ಹಿಂದಿನವರನ್ನು ಕಂಗೆಡಿಸುತ್ತದೆ. ಅದಕ್ಕೋಸ್ಕರವೇ ಎರಡು ಲಕ್ಷ ಜಾಸ್ತಿ ಕೊಡುವ ಬದಲು ಒಳ್ಳೆಯ ಹೆಡ್‌ಲೈಟ್ ಇರುವ ಮಾಡೆಲ್ ನೋಡಿ ಅನ್ನುತ್ತೇನೆ. ಅದನ್ನು ಹಗಲು ನೋಡಲಾಗುವುದಿಲ್ಲ. ಎರಡನೇ ಟೆಸ್ಟ್ ಡ್ರೈವ್ ಸಂಜೆ ಏಳರ ನಂತರ ಕೇಳಿ, ಬೀದಿ ದೀಪ ಇಲ್ಲದ ರಸ್ತೆಗೆ ಹೋಗಿ, ಲೋ ಬೀಮ್ ಎಷ್ಟು ದೂರ ಬೀಳುತ್ತದೆ, ರಸ್ತೆ ಪಕ್ಕದ ಮಣ್ಣು ಕಾಣುತ್ತದಾ ನೋಡಿ.

ಮೈಲೇಜು ಮತ್ತು ಬೆಲೆ

ಕಂಪನಿ ಹೇಳುವ ಮೈಲೇಜ್ ಲ್ಯಾಬಿನಲ್ಲಿ ರೋಲರ್ ಮೇಲೆ ಓಡಿಸಿ ಅಳೆದದ್ದು. ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ಗೆ ಅದು 27.97. ನಿಮಗೆ ಅಷ್ಟು ಸಿಗದಿದ್ದರೂ ಟ್ರಾಫಿಕ್ ಜಾಸ್ತಿ ಇದ್ದಷ್ಟೂ ಹೈಬ್ರಿಡ್‌ಗೆ ಲಾಭ, ಯಾಕೆಂದರೆ ತೆವಳುವಾಗ ಬ್ಯಾಟರಿಯಲ್ಲೇ ಓಡುತ್ತದೆ. ಹೈವೇಯಲ್ಲಿ ಆ ಅನುಕೂಲ ತಗ್ಗುತ್ತದೆ. ಎರಡು ಗಾಡಿಗಳ ನಡುವೆ ನಿಜವಾಗಿ ತೀರ್ಮಾನ ಆಗುತ್ತಿಲ್ಲ ಅಂದರೆ, ಅದೇ ಗಾಡಿಯನ್ನು ವಾರಾಂತ್ಯಕ್ಕೆ ಸೆಲ್ಫ್ ಡ್ರೈವ್ ಬಾಡಿಗೆಗೆ ತೆಗೆದುಕೊಂಡು ಊರಿಗೆ ಹೋಗಿ ಬನ್ನಿ. ಟ್ಯಾಂಕ್ ತುಂಬಿಸಿ, ಓಡಿಸಿ, ಅದೇ ಬಂಕ್‌ನಲ್ಲಿ ಮತ್ತೆ ತುಂಬಿಸಿ ಭಾಗಿಸಿ. ಕೆಲವು ಸಾವಿರ ಖರ್ಚಾಗುತ್ತದೆ, ಲಕ್ಷಗಳ ಗೊಂದಲ ತಪ್ಪುತ್ತದೆ.

ಬೆಲೆ ಕೇಳುವಾಗ ಎಕ್ಸ್‌ಶೋರೂಮ್ ಬಿಟ್ಟು ಆನ್‌ರೋಡ್ ಕೇಳಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಗಾಡಿಗಳ ರೋಡ್ ಟ್ಯಾಕ್ಸ್ ದೇಶದಲ್ಲೇ ಜಾಸ್ತಿ ಇರುವ ಕಡೆಗಳಲ್ಲೊಂದು. ಹತ್ತರಿಂದ ಇಪ್ಪತ್ತು ಲಕ್ಷದವರೆಗೆ 17%, ಇಪ್ಪತ್ತು ದಾಟಿದರೆ 18%, ಅದರ ಮೇಲೆ ಸೆಸ್ ಬೇರೆ. ಹಾಗಾಗಿ ಟಾಪ್ ಮಾಡೆಲ್‌ಗೆ ಒಂದು ಲಕ್ಷ ಜಾಸ್ತಿ ಅಷ್ಟೇ ಸಾರ್ ಅಂದಾಗ ಅದು ಒಂದು ಲಕ್ಷಕ್ಕೆ ನಿಲ್ಲುವುದಿಲ್ಲ. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ನಿಯಮ ಇಲ್ಲ, ಹೊರಗಡೆ ಕೊಟೇಷನ್ ತೆಗೆದು ಹೋಲಿಸಿ.

ಬುಕ್ ಮಾಡಿದ ಗಾಡಿ ಬಂದಾಗ ರಿಜಿಸ್ಟ್ರೇಷನ್‌ಗೆ ಮುಂಚೆಯೇ ಯಾರ್ಡಿಗೆ ಹೋಗಿ, ಹಗಲು ಬೆಳಕಿನಲ್ಲಿ. ತಯಾರಾದ ತಿಂಗಳು, ವರ್ಷ ಕೇಳಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3225 ಅಂತಿದ್ದರೆ 2025ನೇ ಇಸವಿಯ 32ನೇ ವಾರದಲ್ಲಿ ತಯಾರಾದ ಟಯರ್. ನಾಲ್ಕೂ ಟಯರ್ ಜತೆ ಸ್ಟೆಪ್ನಿಯದನ್ನೂ ಓದಿ. ಬಂಪರ್ ಮತ್ತು ಬಾಗಿಲಿನ ಪೇಂಟ್ ಬಣ್ಣ ಒಂದೇ ಇದೆಯಾ, ಗಾಜಿನ ಮೇಲಿನ ಗುರುತುಗಳು ಒಂದೇ ಕಂಪನಿಯವಾ, ಓಡೋಮೀಟರ್ ಎಷ್ಟು ತೋರಿಸುತ್ತಿದೆ ನೋಡಿ. ಚಾಸಿ ನಂಬರಿನ ಫೋಟೋ ತೆಗೆದುಕೊಂಡು ಬನ್ನಿ. ಡೆಲಿವರಿ ದಿನ ಅದೇ ನಂಬರಿನ ಗಾಡಿ ಕೊಡುತ್ತಿದ್ದಾರಾ ಅಂತ, ಹೂವಿನ ಹಾರ ಹಾಕುವ ಮುಂಚೆಯೇ, ಹೋಲಿಸಿ ನೋಡಿ.